ಎಡಗಡೆಯ ಇಪ್ಪತ್ತು ಹಲ್ಲು

ಹಳೇ ಗಾಡಿಗಳನ್ನು ರಿಪೇರಿ ಮಾಡುವ ಆ ಹೆಂಗಸನ್ನು ಬೀದಿಯವರೆಲ್ಲ ಎಣಿಕೆಯಕ್ಕ ಎನ್ನುತ್ತಿದ್ದರು. ಕೈಗೆ ಬಂದದ್ದನ್ನು ಎಣಿಸದೆ ಕೆಳಗಿಡುವ ಜೀವವೇ ಅಲ್ಲ ಅದು. ಚಟ ಬಂದದ್ದು ಅಪ್ಪನಿಂದ. ಅಪ್ಪನೂ ಮೆಕ್ಯಾನಿಕ್. ತೀರಿಕೊಂಡಾಗ ಮಗಳಿಗೆ ಬಿಟ್ಟುಹೋದದ್ದು ಒಂದು ಶೆಡ್ಡು, ಒಂದು ಪೆಟ್ಟಿಗೆ ಸ್ಪ್ಯಾನರು, ಒಂದು ನೀಲಿ ಕಾರು, ಜೊತೆಗೆ "ಎರಡೂ ಕಡೆ ಎಣಿಸು" ಎಂಬ ಒಂದು ಮಾತು. ಒಂದು ಕಡೆ ಇದ್ದಷ್ಟೇ ತಾನೇ ಇನ್ನೊಂದು ಕಡೆ ಇರುವುದು ಎಂದು ಅವಳು ನಗುತ್ತಿದ್ದಳು.

ಆ ಕಾರಿನ ಡಿಫರೆನ್ಷಿಯಲ್, ಅಂದರೆ ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರುಗಳ ಗುಂಪು, ಹಲ್ಲುದುರಿಸಿಕೊಂಡು ಎರಡು ವರ್ಷವಾಗಿತ್ತು. ಶೆಡ್ಡಿನ ಅರ್ಧ ಜಾಗ ನುಂಗಿ ಕೂತ ಕಾರನ್ನು ಕಂಡರೆ ಗಂಡನಿಗೆ ಮೈಯೆಲ್ಲ ಉರಿ. ಮಾತಿಗೆ ಮಾತು ಬೆಳೆದು ಪಂಥಕ್ಕೇ ಬಂತು.

"ಭಾನುವಾರ ಸಂಜೆ ಐದರೊಳಗೆ ಇದು ಗುಡ್ಡದ ತುದಿ ಮುಟ್ಟಬೇಕು. ಇಲ್ಲಾಂದ್ರೆ ಗುಜರಿಗೆ!"

"ಐದು ಯಾಕ್ರೀ? ನಾಲ್ಕಕ್ಕೇ ಬರ್ತೀನಿ. ನೀವು ಮೇಲೆ ಕಾದಿರಿ."

ಅಂದದ್ದೇನೋ ಅಂದಳು, ಆಮೇಲೆ ಹೋಗಿ ಕಾರಿನೊಳಗೆ ಕೂತಳು. ಅಪ್ಪನ ಪಕ್ಕ ಕೂತು ಊರೆಲ್ಲ ಸುತ್ತಿದ ಸೀಟು ಅದೊಂದೇ. ಅದು ಹೋದರೆ ಅವಳು ತಡೆಯಲಾರಳು.

ಶನಿವಾರ ಗುಜರಿಯವನ ಅಂಗಳದಲ್ಲಿ, ಕಬ್ಬಿಣದ ರಾಶಿಯಡಿ, ಅದೇ ಕಂಪನಿಯ ವ್ಯಾನಿನ ಡಿಫರೆನ್ಷಿಯಲ್ ಸಿಕ್ಕಿತು. ಸಿಕ್ಕಿದ್ದೇ ತಡ, ಎಣಿಕೆ ಶುರು. ದೊಡ್ಡ ಗೇರಿಗೆ ನಲವತ್ತೊಂದು ಹಲ್ಲು, ಅದನ್ನು ತಿರುಗಿಸುವ ಚಿಕ್ಕದಕ್ಕೆ ಎಂಟು. ತನ್ನ ಕಾರಿನದರಲ್ಲಿ ಚಿಕ್ಕದಕ್ಕೆ ಒಂಬತ್ತು. ವೇಗ ಸ್ವಲ್ಪ ತಗ್ಗೀತು, ಆದರೆ ಏರಿನಲ್ಲಿ ಎಂಥ ಎಳೆತ! ಕುಣಿಯುವುದೊಂದು ಬಾಕಿ. ಎಂಜಿನ್ ಕಡೆಯ ಉದ್ದ ಶಾಫ್ಟು ಬಂದು ಕೂಡುವಲ್ಲಿ ನಾಲ್ಕು ತೂತು. ದಾರ ಹಿಡಿದು ಅಳೆದರೆ ತನ್ನ ಕಾರಿನದಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹೆಗಲ ಮೇಲೆ ಹೊತ್ತು ತಂದಿದ್ದ ಬಲಚಕ್ರವನ್ನು ತಿರುಗಿಸುವ ಆಕ್ಸಲ್ ಶಾಫ್ಟನ್ನು ಅದರೊಳಗೆ ತೂರಿಸಿದಳು. ಶಾಫ್ಟಿನ ತುದಿಯಲ್ಲಿ ಹದಿನಾರು ಹಲ್ಲು, ಅದು ಕೂರುವ ಬಲಗಡೆಯ ಗೇರಿನ ಒಳಗೂ ಹದಿನಾರು. ನುಣ್ಣಗೆ ಜಾರಿತು.

"ಅಕ್ಕಾ, ಇದು ಹಾಕಿದ್ರೆ ಸ್ಪೀಡಿನ ಮುಳ್ಳು ಸುಳ್ಳು ಹೇಳುತ್ತೆ. ಓಡೋದಕ್ಕಿಂತ ಜಾಸ್ತಿ ತೋರಿಸುತ್ತೆ," ಎಂದ ಗುಜರಿಯವನು.

"ತೋರಿಸ್ಲಿ ಬಿಡಣ್ಣ. ನಮ್ಮನೇಲಿ ಹಾಗೆ ಒಬ್ರು ಆಗ್ಲೇ ಇದ್ದಾರೆ."

ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಡಿಫರೆನ್ಷಿಯಲ್ ಕೂತಿತು, ಬೋಲ್ಟು ಬಿಗಿಯಾಯಿತು, ಬಲದ ಶಾಫ್ಟು ಒಳಗೆ ಹೋಯಿತು. ಎಡದ್ದು ಮಾತ್ರ ಮೂತಿ ತೂರಿಸಿ ನಿಂತೇಬಿಟ್ಟಿತು. ತಿರುಗಿಸಿದಳು, ಬೈದಳು, ಹೊರಗೆಳೆದು ಎಣಿಸಿದಳು. ಇಪ್ಪತ್ತು! ಮತ್ತೆ ಎಣಿಸಿದಳು. ಇಪ್ಪತ್ತೇ. ಎಣಿಕೆಯಕ್ಕನಂತೆ, ಎಣಿಕೆಯಕ್ಕ! ಒಂದು ಕಡೆ ಎಣಿಸಿ ಎರಡು ಕಡೆ ನಂಬಿದ್ದಳು. ಬೇರೆ ಗೇರು ಕೇಳೋಣವೆಂದರೆ ಗಂಡ ಆಗಲೇ ಬುತ್ತಿ ಕಟ್ಟಿಕೊಂಡು, ಗುಜರಿಯವನನ್ನೂ ಕರೆದುಕೊಂಡು ಗುಡ್ಡ ಹತ್ತಿಯಾಗಿತ್ತು. ಅವಳು ನೆಲದ ಮೇಲೆ ಕುಸಿದು ಕೂತಳು.

ಕೂತವಳಿಗೆ ತಟ್ಟನೆ ಹೊಳೆಯಿತು. ಈ ಎಡದ ಶಾಫ್ಟು ಇಷ್ಟು ವರ್ಷ ಓಡಿದೆಯಲ್ಲ? ಹಾಗಿದ್ದರೆ ಅದಕ್ಕೆ ಹೊಂದುವ ಗೇರು ಮುರಿದ ಹಳೇ ಡಿಫರೆನ್ಷಿಯಲ್ಲಿನ ಹೊಟ್ಟೆಯಲ್ಲೇ ಇರಬೇಕು! ಎದ್ದಳು ನೋಡಿ, ಕೈಗೆ ಕಾಲಿಗೆ ಪುರುಸೊತ್ತಿಲ್ಲ. ಕೂರಿಸಿದ್ದನ್ನು ಮತ್ತೆ ಇಳಿಸಿದಳು, ಹಳೆಯದನ್ನೂ ಬಿಚ್ಚಿದಳು. ಇತ್ತು! ಎಡಗಡೆಯ ಗೇರು, ಒಳಗೆ ಇಪ್ಪತ್ತು ಹಲ್ಲು, ಒಂದೂ ಮುಕ್ಕಾಗಿಲ್ಲ. ಎಣ್ಣೆ ಒರೆಸಿದಾಗ ಅದರ ಹಿಂಬದಿಯಲ್ಲಿ ಮೊಳೆಯಿಂದ ಕೊರೆದ, ಅರ್ಧ ಸವೆದ ಅಕ್ಷರ ಕಂಡಿತು. ಅಪ್ಪನ ಕೈಬರಹ. "ಎಡ ೨೦", ಕೆಳಗೊಂದು ತಾರೀಕು.

ಆ ತಾರೀಕನ್ನು ಅವಳು ಮರೆಯುವುದುಂಟೇ? ಮಗಳನ್ನು ಹೆತ್ತು ಆಸ್ಪತ್ರೆಯಿಂದ ಮನೆಗೆ ಹೊರಟ ದಿನ. ಕೂಸನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲಿ ಒಂದು ಗಂಟೆ ಕಾದಿದ್ದಳು. ತಡವಾಗಿ ಬಂದ ಅಪ್ಪ ಹೇಳಿದ್ದು ಇಷ್ಟೇ: "ದಾರೀಲಿ ಜನ ಜಾಸ್ತಿ ಕಣಮ್ಮ." ಮುಖ ಊದಿಸಿಕೊಂಡು ಮೂರು ದಿನ ಮಾತು ಬಿಟ್ಟಿದ್ದಳು. ಅಪ್ಪನ ಉಗುರೆಲ್ಲ ಕಪ್ಪಾಗಿದ್ದದ್ದು ಈಗ ನೆನಪಾಯಿತು. ಅವತ್ತು ಬೆಳಗ್ಗೆ ಮುರಿದ ಎಡದ ಶಾಫ್ಟಿನ ಬದಲು ಸಿಕ್ಕಿದ ಇಪ್ಪತ್ತು ಹಲ್ಲಿನದನ್ನು ಹಾಕಿ, ಅದಕ್ಕೆ ಹೊಂದುವ ಗೇರು ಕೂರಿಸಿ ಓಡಿ ಬಂದಿದ್ದ ಪುಣ್ಯಾತ್ಮ. ಬಿಕ್ಕಿ ಬಿಕ್ಕಿ ಅತ್ತಳು, ಅಳುತ್ತಲೇ ಗೇರು ಕೂರಿಸಿದಳು.

ನಾಲ್ಕೂವರೆಗೆ ಕಾರು ಶೆಡ್ಡಿನಿಂದ ಹೊರಬಿತ್ತು. ಗುಡ್ಡದ ಮೊದಲ ತಿರುವಿನಲ್ಲಿ ಅವಳು ಉಸಿರು ಬಿಗಿಹಿಡಿದಳು; ಎರಡನೆಯದರಲ್ಲಿ "ಹತ್ತು ನನ್ನಪ್ಪಾ, ಹತ್ತು!" ಎಂದು ಕೂಗಿದಳು. ಹತ್ತಿಯೇ ಹತ್ತಿತು! ಮುಳ್ಳು ಸುಳ್ಳು ಹೇಳುತ್ತಲೇ ಇತ್ತು. ತುದಿ ಮುಟ್ಟಿದಾಗ ಐದಕ್ಕೆ ಐದು ನಿಮಿಷ. ಗುಜರಿಯವನೇ ಮೊದಲು ಚಪ್ಪಾಳೆ ತಟ್ಟಿದ.

ಗಂಡ ಗಡಿಯಾರ ನೋಡಿಕೊಂಡ. "ನಾಲ್ಕಕ್ಕೆ ಅಂದಿದ್ದೆ. ಎಲ್ಲಿ ಹೋಯ್ತು ಒಂದು ಗಂಟೆ?"

"ದಾರೀಲಿ ಜನ ಜಾಸ್ತಿ ಕಣ್ರೀ."

ಕೆಳಗೆ ದಾರಿಯುದ್ದಕ್ಕೂ ಒಂದು ನರಪಿಳ್ಳೆಯೂ ಇರಲಿಲ್ಲ. ಗಂಡ ಆ ದಾರಿಯನ್ನೊಮ್ಮೆ, ಅವಳ ಕಪ್ಪು ಉಗುರುಗಳನ್ನೊಮ್ಮೆ ನೋಡಿದ. ಆಮೇಲೆ ಬಾಗಿಲು ತೆಗೆದು, ಅವಳ ಪಕ್ಕದ ಸೀಟಿನಲ್ಲಿ ಕೂತ.