ಬೆಲ್ಲದ ಮೇಲಿನ ಕರಿ ಚುಕ್ಕಿ

ಬೆಳಗಿನ ಆರೂವರೆ. ನಿಟ್ಟುವಳ್ಳಿಯ ಬೀದಿಯಲ್ಲಿ ಆಟೋಗಳು ಧೂಳೆಬ್ಬಿಸುವ ಮೊದಲೇ ಶಾಂತಲಾ ತಮ್ಮ ಝೆರಾಕ್ಸ್ ಅಂಗಡಿ ತೆರೆದು, ಒಗೆದ ಹಳೇ ಪಂಚೆಯ ತುಂಡಿನಿಂದ ಸ್ಕ್ಯಾನರಿನ ಗಾಜು ಒರೆಸುತ್ತಿದ್ದಾರೆ. ಒಂದು ಸಲವಲ್ಲ, ಮೂರು ಸಲ. ದೇವರ ಪಟವನ್ನೂ ಇಷ್ಟು ಜತನದಿಂದ ಒರೆಸುವವರು ಕಡಿಮೆ.

ದಿನಕ್ಕೆ ಇನ್ನೂರು ಮುನ್ನೂರು ಝೆರಾಕ್ಸ್ ಇದ್ದದ್ದೇ. ಆದರೆ ಎಂಟು ಗಂಟೆಯೊಳಗಿನ ಹೊತ್ತು ಶುಭಾಶಯ ಪತ್ರಗಳಿಗೆ ಚಿತ್ರ ಬರೆಯುವವರದು. ಸುತ್ತಲಿನ ಅಂಥ ಮೂವತ್ತು ಮಂದಿ ತಮ್ಮ ಚಿತ್ರವನ್ನು ಕಾರ್ಡ್ ಕಂಪನಿಯ ಪರಿಶೀಲನೆಗೆ ಕಳಿಸುವ ಮೊದಲು ಸ್ಕ್ಯಾನ್ ಮಾಡಿಸಲು ಬರುವುದು ಇವರ ಹತ್ತಿರವೇ. ಕಂಪನಿಯ ಷರತ್ತು ಬಿಗಿ: ಸ್ಕ್ಯಾನಿನ ಸ್ಪಷ್ಟತೆ ಇಂಚಿಗೆ ಮುನ್ನೂರು ಚುಕ್ಕಿಗಿಂತ ಕಡಿಮೆ ಇರಬಾರದು, ಅಂಚು ಮಸುಕಾಗಬಾರದು, ಕಲೆ ಕಾಣಬಾರದು. ಮೂರು ಸಲ ವಾಪಸಾದ ಚಿತ್ರವನ್ನು ಕಂಪನಿ ಮತ್ತೆ ಮುಟ್ಟುವುದಿಲ್ಲ.

ಇಂದು ಮೊದಲ ಬಸ್ಸಿಗೆ ಹರಿಹರದಿಂದ ಬಂದಿರುವ ಕೆಂಚಣ್ಣನವರ ಚಿತ್ರ ಆಗಲೇ ಎರಡು ಸಲ ವಾಪಸಾಗಿದೆ. ನಲವತ್ತು ವರ್ಷ ಲಾರಿಗಳ ಮೇಲೆ ಹೆಸರು, ಹೂವು ಬರೆದವರು ಮೊದಲ ಬಾರಿಗೆ ಕಾಗದದ ಮೇಲೆ ಯುಗಾದಿಯ ತಟ್ಟೆ ಬರೆದಿದ್ದಾರೆ: ಬೇವಿನ ಹೂ, ಬೆಲ್ಲದಚ್ಚು. ಫೋನಿನಲ್ಲಿ ಫೋಟೊ ತೆಗೆದು ವಾಟ್ಸಪ್ಪಿನಲ್ಲಿ ಕಳಿಸಿದರು. ಚಿತ್ರ ದಾರಿಯಲ್ಲೇ ಸೊರಗಿ, ಮಸುಕೆಂದು ವಾಪಸಾಯಿತು. ಆಮೇಲೆ ಯಾರೋ ಅದೇ ಫೋಟೊ ಹಿಗ್ಗಿಸಿ ಮುನ್ನೂರರ ಲೆಕ್ಕ ಕೂಡಿಸಿಕೊಟ್ಟರು. ಬೆಲ್ಲದ ಮೇಲೆ ಕಲೆಯಿದೆ ಎಂದು ಕಂಪನಿ ತಿರುಗಿಸಿತು.

“ಹಿಗ್ಗಿಸೋದು ಅಂದ್ರೆ ಅಂಬ್ಲಿಗೆ ನೀರು ಹಾಕ್ದಂಗಣ್ಣ. ಹಿಟ್ಟು ಇದ್ದಷ್ಟೇ ಇರ್ತೈತೆ,” ಎನ್ನುತ್ತಾ ಶಾಂತಲಾ ಮೂಲ ಚಿತ್ರವನ್ನೇ ಗಾಜಿನ ಮೇಲಿಡುತ್ತಾರೆ.

ಪರದೆಯ ಮೇಲೂ ಅದೇ ಬೆಲ್ಲ, ಅದರ ಮೇಲೆ ಎಳ್ಳಿಗಿಂತ ಸಣ್ಣ ಕಪ್ಪು. ಗುಂಡಿ ಒತ್ತಿದರೆ ಅಳಿಸಿಹೋಗುತ್ತದೆ. ಶಾಂತಲಾ ಒತ್ತುವುದಿಲ್ಲ. ಆರು ವರ್ಷದ ಹಿಂದೆ ಆನೆಕೊಂಡದ ಸುಮೈರಾ ಬರೆದ ಮದುಮಗಳ ಮೂಗುಬಟ್ಟನ್ನು ಇವರೇ ಧೂಳೆಂದು ಅಳಿಸಿ ಕಳಿಸಿದ್ದರು. ಕಾರ್ಡು ಬೋಳು ಮೂಗಿನಲ್ಲೇ ಅಚ್ಚಾಯಿತು. ಅದೇ ಇವರನ್ನು ಇಂದಿಗೂ ಚುಚ್ಚುತ್ತದೆ. ಅಲ್ಲಿಂದ ಮುಂದೆ ಬರೆದವರನ್ನು ಕೇಳದೆ ಒಂದು ಚುಕ್ಕಿಯನ್ನೂ ಅಳಿಸಿದವರಲ್ಲ.

“ಅಣ್ಣ, ಇದು ಧೂಳೋ, ನೀವು ಬರೆದದ್ದೋ?”

ಕೆಂಚಣ್ಣ ಮುದುಡಿಕೊಳ್ಳುತ್ತಾರೆ. “ಇರುವೆ ಐತವ್ವ ಅದು. ಬೆಲ್ಲ ಇದ್ದಲ್ಲಿ ಇರುವೆ ಬ್ಯಾಡೇನು? ಅದ್ರಿಂದ್ಲೇ ಚಿತ್ರ ಕೆಡ್ತೈತೆ ಅಂದ್ರೆ ತೆಗೆದುಬಿಡು.”

ಶಾಂತಲಾ ಆ ಚುಕ್ಕಿಯನ್ನು ಪರದೆಯಲ್ಲಿ ಹತ್ತಿರ ತರುತ್ತಾರೆ. ಅಬ್ಬಾ! ಆರು ಕಾಲು, ಎರಡು ಮೀಸೆ, ಬಾಯಲ್ಲಿ ಬೆಲ್ಲದ ಹುಡಿ. ಲಾರಿಯ ಹಲಗೆ ತುಂಬ ಅಕ್ಷರ ಬರೆದ ಕೈ ಇದನ್ನೂ ಬರೆದಿದೆ! ಸಾವಿರಾರು ಚಿತ್ರ ನೋಡಿದ ಶಾಂತಲಾ ಕುರ್ಚಿಯಿಂದ ಎದ್ದೇ ನಿಲ್ಲುತ್ತಾರೆ. ಇನ್ನು ಅಳಿಸುವ ಮಾತೆಲ್ಲಿ? ಇಂಚಿಗೆ ಆರುನೂರು ಚುಕ್ಕಿಯಲ್ಲಿ ಮತ್ತೆ ಸ್ಕ್ಯಾನ್ ಮಾಡಿ, ಕಂಪನಿಯ ವೆಬ್‌ಸೈಟಿಗೇ ನೇರ ಏರಿಸಿ, ಇದು ಕಲೆಯಲ್ಲ, ಇರುವೆ, ಹತ್ತಿರದಿಂದ ನೋಡಿ ಎಂದು ಒಂದು ಸಾಲು ಬರೆಯುತ್ತಾರೆ.

ಎಂಟನೇ ದಿನ ಉತ್ತರ ಬಂದಿದೆ. ಚಿತ್ರ ಒಪ್ಪಿಗೆಯಾಗಿದೆ, ಇರುವೆಯ ಸಮೇತ. ಕಾರ್ಡಿನ ಹಿಂದೆ ಶಾಂತಲಾ ಹೆಸರನ್ನೂ ಹಾಕಿಸುತ್ತೇನೆಂದು ಕೆಂಚಣ್ಣ ಹಟ ಹಿಡಿದು ಕೂತಿದ್ದಾರೆ. ಶಾಂತಲಾ ಗಾಜು ಒರೆಸುವುದನ್ನು ನಿಲ್ಲಿಸುವುದೇ ಇಲ್ಲ.

“ನನ್ನ ಹೆಸರು ಬ್ಯಾಡ್ರಿ. ಅಚ್ಚಾದ ಮ್ಯಾಲೆ ಒಂದು ಕಾರ್ಡ್ ತಂದ್ಕೊಡ್ರಿ, ಸಾಕು. ಆರು ಕಾಲೂ ಬಂದಾವೋ ಇಲ್ಲೋ ಎಣಿಸ್ಬೇಕು.”