ಬಾಮೈದನ ಬಿಯರಿಗೆ ನಾನು ನಾಲಿಗೆಯಾದದ್ದು

ನನ್ನ ಹೆಂಡತಿಯ ತಮ್ಮ ಕುಡಿತ ಬಿಟ್ಟ ಹತ್ತನೆಯ ತಿಂಗಳಲ್ಲಿ, ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ಬಿಯರ್ ಮಾಡಲು ಅನುಮತಿ ಕೇಳಿದ.

ಕೂಡ್ಲಿಗಿಯ ತಾಲೂಕು ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ಕೂದಲು ಉದುರಿಸಿಕೊಂಡವನು ನಾನು. ಬದುಕಿರುವ ಮನುಷ್ಯನೇ ತನ್ನ ಮರಣಪತ್ರಕ್ಕೆ ಅರ್ಜಿ ಹಿಡಿದು ಬಂದದ್ದನ್ನೂ ಕಂಡಿದ್ದೇನೆ. ಇಂಥ ಅರ್ಜಿ ಮಾತ್ರ ಕಂಡಿರಲಿಲ್ಲ.

"ಹಣ್ಣಿನ ಬಿಯರ್ ಮಾಮಾ," ಅಂದ. "ಅಮಲು ಬರಂಗಿಲ್ಲ. ಎರಡು ದಿನಕ್ಕ ಗ್ಯಾಸು ತುಂಬತೈತಿ, ತಣ್ಣಗ ಮಾಡಿ ಕುಡಿಯೋದು. ಮದುವಿ ಮನಿಯವರು ಮುಗಿಬಿದ್ದು ತಗೋತಾರ."

"ರೈಲು ಬಿಡಬ್ಯಾಡಲೇ," ಅಂತ ಅಡಿಗೆಮನೆಯಿಂದ ಅವನ ಅಕ್ಕ. "ಕೂಡ್ಲಿಗಿಗೆ ಇನ್ನೂ ಹಳಿ ಬಂದಿಲ್ಲ."

ಊರಿಗೆ ಎಸ್‌ಟಿಡಿ ಬೂತು ಬಂದು ಮೊಬೈಲು ಬಾರದಿದ್ದ ಕಾಲ. ಹಗರಿಬೊಮ್ಮನಹಳ್ಳಿಯ ತಂಪುಪಾನೀಯದ ಡಿಪೋ ಒಂದರಲ್ಲಿ ಇದ್ದ ಕೆಲಸವನ್ನು ಅವನು ಕುಡಿದೇ ಕಳೆದುಕೊಂಡಿದ್ದ. ಅವನ ಹೆಂಡತಿ ತವರಿಗೆ, ತೆಲಿಗಿಗೆ, ಹೋಗಿ ಒಂದೂವರೆ ವರ್ಷವಾಗಿತ್ತು. "ಬಿಟ್ಟಾರ ಅಂತ ನನಗ ಖಾತ್ರಿ ಆದ ದಿನ ಬರ್ತೀನಿ" ಎಂದು ಹೇಳಿ ಕಳಿಸಿದ್ದಳು. ಆ ಖಾತ್ರಿಗಾಗಿ ಅವನು ನಮ್ಮ ಮನೆಯಲ್ಲಿ, ನಮ್ಮ ಕಣ್ಣಳತೆಯಲ್ಲಿ ಬದುಕುತ್ತಿದ್ದ. ಅಂಥವನು ಬಿಯರ್ ಅಂದರೆ ಸಂಶಯಪಡದೆ ಇರಲು ನಾವೇನು ಶರಣರೆ? ಆದರೂ ಕೈಗೊಂದು ಕೆಲಸ ಬೇಕಲ್ಲ ಎಂದು, ನಮ್ಮ ಕಣ್ಣೆದುರೇ ಮಾಡಬೇಕೆಂಬ ಷರತ್ತಿನ ಮೇಲೆ ಮಂಜೂರು ಮಾಡಿದೆ.

ಮೊದಲ ಸಲ ಅಂಗಡಿಯ ಕಿತ್ತಳೆ ಸ್ಕ್ವಾಶಿಗೆ ನೀರು ಬೆರೆಸಿ, ಬೇಕರಿಯಿಂದ ತಂದ ಯೀಸ್ಟನ್ನು ಉಗುರುಬೆಚ್ಚಗಿನ ಸಕ್ಕರೆನೀರಲ್ಲಿ ಎಬ್ಬಿಸಿ ಹಾಕಿದ. ನಾಲ್ಕು ದಿನವಾದರೂ ಒಂದು ಗುಳ್ಳೆ ಏಳಲಿಲ್ಲ. ಸತ್ತ ಯೀಸ್ಟು ಕೊಟ್ಟಿದ್ದೀಯೆಂದು ಬೇಕರಿಯವನ ಮೇಲೆ ಏರಿ ಹೋದೆವು. ಆತ ಗಾಜಿನ ಪೆಟ್ಟಿಗೆ ತೋರಿಸಿ, "ನನ್ನ ಬನ್ನು ಹೆಂಗ ಉಬ್ಬ್ಯಾವ ನೋಡ್ರಿ ಸಾಹೇಬ್ರ. ಸತ್ತಿದ್ದರ ಅವು ಏಳ್ತಿದ್ವೇನು?" ಅಂದ. ಮನೆಗೆ ಬಂದು ಸ್ಕ್ವಾಶಿನ ಸೀಸೆಯ ಚೀಟಿ ಓದಿದರೆ, ಕೆಡದಂತೆ ಅದರಲ್ಲಿ ಮದ್ದು ಹಾಕಿದ್ದರು. ಕೆಡಬಾರದೆಂದು ಪಣ ತೊಟ್ಟ ರಸವನ್ನು ಕೆಡಿಸಲು ನಾವು ನಾಲ್ಕು ದಿನ ಹೆಣಗಿದ್ದೆವು.

ಆಮೇಲೆ ಹಳೆಯ ಡಿಪೋದ ಗೆಳೆಯನನ್ನು ಹಿಡಿದು, ಮದ್ದಿಲ್ಲದ ಸೇಬಿನ ಗಟ್ಟಿ ರಸದ ಕ್ಯಾನು ತರಿಸಿದ. ಕಾಕಂಬಿಯಂಥ ಬಣ್ಣ, ಜೋನಿಬೆಲ್ಲದಂಥ ಮಂದ. ಒಂದು ಪಾಲಿಗೆ ಆರು ಪಾಲು ಕಾಯಿಸಿ ಆರಿಸಿದ ನೀರು, ಅದೇ ಬೇಕರಿಯ ಯೀಸ್ಟು. ದೊಡ್ಡ ಗಾಜಿನ ಭರಣಿಯ ಮುಚ್ಚಳಕ್ಕೆ ತೂತು ಕೊರೆದು, ಸಲೈನು ಏರಿಸುವ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿದ. ಮರುದಿನ ಲೋಟ ಗುಳುಗುಳು ಅನ್ನತೊಡಗಿತು. ಆಸ್ಪತ್ರೆಯಲ್ಲಿ ಮಲಗಿಸಿದ ರೋಗಿಯಂತೆ ಕಾಣುತ್ತಿದ್ದ ಆ ಭರಣಿಯ ಮುಂದೆ ನಾವು ಮೂವರೂ ನೆಂಟರಂತೆ ಕೂತೆವು.

ತೊಡಕು ಬಂದದ್ದು ರುಚಿ ನೋಡುವಲ್ಲಿ.

"ನಾ ತುಟಿಗೆ ಹಚ್ಚಂಗಿಲ್ಲ ಮಾಮಾ. ಆಣಿ ಮಾಡೀನಿ."

"ಅಮಲಿಲ್ಲ ಅಂತಿ?"

"ಇಲ್ಲ ಅಂತ ಹೇಳಾಕ ಯಾರಾರ ಕುಡಿಬೇಕಲ್ಲ. ನೀವು ಕುಡೀರಿ."

ಹೀಗೆ ಜೀವಮಾನದಲ್ಲಿ ಕೆಮ್ಮಿನ ಔಷಧಿಗಿಂತ ಹೆಚ್ಚಿನದನ್ನು ಕುಡಿಯದ ನಾನು ನಾಲಿಗೆಯ ಹುದ್ದೆಗೆ ನೇಮಕಗೊಂಡೆ. ಅದೇ ಸಂಜೆ ಹೆಂಡತಿ ನನಗೆ ಗುಪ್ತವಾಗಿ ಎರಡನೆಯ ಹುದ್ದೆಯನ್ನೂ ಕೊಟ್ಟಳು. "ಭರಣಿ ಮಟ್ಟ ನೋಡ್ಕೊಂತ ಇರ್ರಿ. ನಮ್ಮ ತಮ್ಮ ನನಗ ಗೊತ್ತದಾನ." ನಾನು ಭರಣಿಯ ಮೇಲೆ ಮಾರ್ಕರಿನಿಂದ ಸಣ್ಣ ಗೆರೆ ಎಳೆದೆ. ಮರುದಿನ ಅದರ ಪಕ್ಕದಲ್ಲೇ ಕಾಡಿಗೆಯ ಗೆರೆಯೊಂದು ಕಂಡಿತು. ನನ್ನ ಮೇಲೆ ಕಣ್ಣಿಡಲು ನನ್ನ ಹೆಂಡತಿ ಎಳೆದದ್ದು. ಭರಣಿಯನ್ನು ತಿರುಗಿಸಿದರೆ ಹಿಂಬದಿಯಲ್ಲಿ ಸುಣ್ಣದ ಗೆರೆ. ಅದು ಅವನದೇ. ತನ್ನ ಮೇಲೆ ತಾನೇ ಕೂರಿಸಿಕೊಂಡ ಪಹರೆ. ನನಗೆ ಸ್ವಲ್ಪ ನಾಚಿಕೆಯಾಯಿತು. ಆದರೂ ಗೆರೆ ಅಳಿಸಲಿಲ್ಲ.

ಎರಡನೆಯ ದಿನ ಪ್ಲಾಸ್ಟಿಕ್ ಬಾಟಲಿಗಳಿಗೆ ಬಗ್ಗಿಸಿ ಬಿರಡೆ ಬಿಗಿದರೆ ಒಳಗೇ ಗ್ಯಾಸು ತುಂಬುತ್ತದೆ. ಬಾಟಲಿ ಹಿಸುಕಿದಾಗ ಗಟ್ಟಿಯಾಗಿದ್ದರೆ ಫ್ರಿಜ್ಜಿಗೆ ಇಡಬೇಕು, ಇಲ್ಲದಿದ್ದರೆ ಹುಳಿಯೂ ಅಮಲೂ ಏರುತ್ತ ಹೋಗುತ್ತವೆ. ಹನ್ನೊಂದು ಬಾಟಲಿ ತುಂಬಿದ ದಿನವೇ ನಾನೂ ಹೆಂಡತಿಯೂ ಇಟ್ಟಿಗಿಯ ನೆಂಟರ ಗೃಹಪ್ರವೇಶಕ್ಕೆ ಹೊರಟೆವು. ಒಂದು ದಿನ ಅಂದದ್ದು ಐದು ದಿನವಾಯಿತು. ಅಷ್ಟೂ ದಿನ ಅವನೊಬ್ಬನೇ, ಹನ್ನೊಂದು ಬಾಟಲಿಗಳ ಜೊತೆ. ಐದನೆಯ ದಿನ ಊಟದ ನಡುವೆ ಇದು ಹೊಳೆದು ಹೆಂಡತಿ ಹೋಳಿಗೆ ಬಿಟ್ಟು ಎದ್ದಳು.

ಬಂದು ನೋಡಿದರೆ ಹಿತ್ತಲ ಕೋಣೆಗೆ ಬೀಗ. ಕೀಲಿ ಬೇಕರಿಯವನ ಹತ್ತಿರ.

"ನೀವು ಹೋದಾಗಿಂದ ನನಗ ನನ್ನ ಮ್ಯಾಲ ಧೈರ್ಯ ಸಾಲಲಿಲ್ಲ," ಅಂದ ಬಾಮೈದ. "ಮಾಮಾ ಬಂದು ಕೇಳೋತನ ಯಾರಿಗೂ ಕೊಡಬ್ಯಾಡ ಅಂತ ಕೊಟ್ಟು ಬಂದೆ. ನಾ ಕೇಳಿದರೂ ಕೊಡಬ್ಯಾಡ ಅಂದಿದ್ದೆ."

"ಕೇಳಿದ್ದೇನು?"

"ಎರಡು ಸಲ."

ಹನ್ನೊಂದೂ ಇದ್ದವು. ಫ್ರಿಜ್ಜು ಕಾಣದೆ ಎಲ್ಲವೂ ಕಲ್ಲಿನಂತೆ ಬಿಗಿದಿದ್ದವು. ಮೊದಲನೆಯದರ ಬಿರಡೆ ತಿರುಗಿಸಿದಾಗ ರಸ ಜಂತಿಗೆ ಹಾರಿತು. ಉಳಿದದ್ದರಲ್ಲಿ ಕರ್ತವ್ಯನಿಷ್ಠೆಯಿಂದ ಎರಡು ಲೋಟ ಕುಡಿದೆ. ಹುಳಿಯಾಗಿತ್ತು, ಚುರುಗುಟ್ಟುತ್ತಿತ್ತು, ಕೆಟ್ಟದ್ದೇನೂ ಅಲ್ಲ ಅನಿಸಿತು. ಮೂರನೆಯ ಲೋಟದ ಹೊತ್ತಿಗೆ ನಾನು ರಜಾ ನಿಯಮಾವಳಿಯನ್ನು ಗೋಡೆಯ ಕ್ಯಾಲೆಂಡರಿಗೆ ವಿವರಿಸುತ್ತಿದ್ದೆನಂತೆ.

ಆಗಲೇ ಹೊಸ್ತಿಲಲ್ಲಿ ಬಾಮೈದನ ಹೆಂಡತಿ ನಿಂತಿದ್ದಳು. ತೆಲಿಗಿಯಿಂದ ಹರಪನಹಳ್ಳಿ, ಅಲ್ಲಿಂದ ಕೊಟ್ಟೂರು, ಅಲ್ಲಿಂದ ಕೂಡ್ಲಿಗಿ, ಮೂರು ಬಸ್ಸು ಬದಲಿಸಿ ಬಂದಿದ್ದಳು. ಬೇಕರಿಯವನು ಕೀಲಿಯ ಕತೆಯನ್ನು ಗಿರಾಕಿಗಳಿಗೆಲ್ಲ ಹೇಳಿದ್ದ. ಅದು ತೆಲಿಗಿ ಮುಟ್ಟುವ ಹೊತ್ತಿಗೆ, ನಿನ್ನ ಗಂಡ ಭಟ್ಟಿ ಇಟ್ಟಾನ, ಕೋಣೆಗೆ ಬೀಗ ಹಾಕ್ಕೊಂಡು ಕುಡಿತಾನ ಎಂದಾಗಿತ್ತು.

ಅವಳು ಕಂಡದ್ದಾದರೂ ಏನು? ಹುಳಿ ವಾಸನೆಯ ಮನೆ, ತೊಯ್ದ ಜಂತಿ, ಲೋಟ ಹಿಡಿದು ತೂಗುತ್ತಿರುವ ಮನೆಯ ಯಜಮಾನ, ಪಕ್ಕದಲ್ಲಿ ತಲೆ ತಗ್ಗಿಸಿದ ಗಂಡ.

"ಬಾಯಿ ತಗೀರಿ," ಅಂದಳು ಗಂಡನಿಗೆ.

ತೆಗೆದ. ಮೂಸಿದಳು. "ಉಳ್ಳಾಗಡ್ಡಿ."

"ಮಿರ್ಚಿ ಜೋಡಿ ತಿಂದೀನಿ."

"ವಾಸನಿ ಮುಚ್ಚಾಕ ಎಲ್ಲಾರೂ ಅದನ್ನ ತಿಂತಾರ."

"ತಂಗೀ, ಈ ವಿಷಯದಲ್ಲಿ ಸಂಪೂರ್ಣ ಹೊಣೆ ನನ್ನದು," ಎಂದು ನಾನು ಎದ್ದು ನಿಲ್ಲಲು ನೋಡಿದೆ.

"ಅಣ್ಣಾರ, ನೀವು ಕುಂದುರ್ರಿ. ಬೀಳ್ತೀರಿ."

ನನ್ನ ಹೆಂಡತಿ ಒಳಗಿಂದ ಭರಣಿಯನ್ನೇ ಎತ್ತಿ ತಂದು ಅವಳ ಮುಂದಿಟ್ಟಳು. ಮೂರು ಗೆರೆಗಳನ್ನೂ ತೋರಿಸಿದಳು. ಕೀಲಿಯ ಸಂಗತಿ, ಎರಡು ಸಲ ಕೇಳಿದ್ದು, ಯಾವುದನ್ನೂ ಮುಚ್ಚಿಡದೆ ಹೇಳಿದಳು. ತಮ್ಮನ ಪರವಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬಾಮೈದನ ಹೆಂಡತಿ ಭರಣಿಯನ್ನು ಪಕ್ಕಕ್ಕೆ ಸರಿಸಿದಳು. ನನ್ನ ಕೈಯಿಂದ ಲೋಟ ಕಿತ್ತುಕೊಂಡು, ಒಂದು ಗುಟುಕು ಬಾಯಲ್ಲಿ ಆಡಿಸಿ, ಹಿತ್ತಲಿಗೆ ಹೋಗಿ ಉಗಿದು ಬಂದಳು.

"ಅಂಬಲಿ ಇಷ್ಟು ಹುಳಿ ಬಂದರ ನಾವು ಎಮ್ಮಿಗೆ ಸುರೀತೀವಿ," ಅಂದಳು. "ಯಾವ ದಿನ ನಿಲ್ಲಸಬೇಕು ಅನ್ನೋದು ಇಲ್ಲಿ ಯಾರಿಗೂ ಗೊತ್ತಿಲ್ಲ. ಇವರು ರುಚಿ ನೋಡಂಗಿಲ್ಲ, ನೀವು ನೋಡಿದರ ನಿಲ್ಲಂಗಿಲ್ಲ."

ಉಳಿದ ಹತ್ತೂ ಬಾಟಲಿಗಳನ್ನು ಅವಳೇ ಒಂದೊಂದಾಗಿ ಬಚ್ಚಲಿಗೆ ಸುರಿದಳು. ಅವನು ಬಿರಡೆ ತಿರುಗಿಸಿ ತಿರುಗಿಸಿ ಕೊಟ್ಟ. ಅವಳು ಮರಳಬೇಕಿದ್ದ ಸಂಜೆಯ ಬಸ್ಸಿನ ಹೊತ್ತು ಮೀರಿತು. ಯಾರೂ ಅದನ್ನು ನೆನಪಿಸಲಿಲ್ಲ.

ಭರಣಿ ತೊಳೆದು ಬೋರಲು ಹಾಕುತ್ತ ಅವಳು, "ಕ್ಯಾನಿನ್ಯಾಗ ಇನ್ನೂ ರಸ ಐತೇನು?" ಅಂದಳು.

"ಅರ್ಧ ಐತಿ."

"ಈ ಸಲ ರುಚಿ ನಾ ನೋಡ್ತೀನಿ. ಆದರ ಒಂದು ಮಾತು, ನಿಮ್ಮ ಮ್ಯಾಲ ನಂಬಿಕಿ ಬಂತಂತ ಇರಾಕತ್ತಿಲ್ಲ ನಾನು. ಸಂಶಯ ಹಂಗ ಐತಿ."

"ಇರಲಿ," ಅಂದ ಅವನು, ನೆಲ ನೋಡುತ್ತ. "ಸಂಶಯ ಇಟಗೊಂಡ ಇರು. ಇರು, ಅಷ್ಟ."