ಕೋಡಿ ಬೀಳದ ಕೆರೆ

ನಮ್ಮ ಮನೆಯ ಮೇಲುಗಡೆ ಇರುವ ನೀರಿಗೆ ಊರಿನವರು ಕೆರೆ ಅನ್ನುತ್ತಾರೆ. ನನ್ನ ಬಾಯಿಗೆ ಬರುವುದು ಈಗಲೂ ‘ಪಿಟ್’ ಅಂತಲೇ. ಅಲ್ಲಿ ಅದಿರು ತೆಗೆಯುತ್ತಿದ್ದಾಗ ನಮ್ಮವರು ಸರ್ವೇಯರ್ ಆಗಿದ್ದರು. ತುಮಕೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಹತ್ತಿರ ‘ಸಿಟ್ ಸ್ಟ್ರೇಟ್’ ಅನ್ನಿಸಿಕೊಂಡು ಬೆಳೆದ ನಾನು ಗುಬ್ಬಿ ತಾಲ್ಲೂಕಿನ ಈ ಮೂಲೆಗೆ ಬಂದು, ಒಣಹಾಕಿದ ಸೀರೆಗಳು ಸಂಜೆಯೊಳಗೆ ಕೆಂಪಾಗುವುದನ್ನು ನೋಡುತ್ತ ಸಂಸಾರ ಮಾಡಿದೆ. ಅಡುಗೆಮನೆ ಕಿಟಕಿಯಿಂದ ಕಾಣುತ್ತಿದ್ದದ್ದು ಟಿಪ್ಪರ್ ಲಾರಿಗಳು. ರಿವರ್ಸ್ ಬಂದು, ಬೇಡದ ಮಣ್ಣನ್ನು ಗುಂಡಿಯ ಅಂಚಿಗೆ ಸುರಿದು ಹೋಗುತ್ತಿದ್ದವು. ಅದನ್ನು ಯಾರೂ ಅದುಮಿ ಗಟ್ಟಿ ಮಾಡಲಿಲ್ಲ. ಸುಮ್ಮನೆ ಸುರಿದರು.

ಗಣಿ ನಿಂತಿತು. ನಮ್ಮವರೂ ತೀರಿಹೋದರು. ಆಮೇಲೆ ಆ ಮಣ್ಣನ್ನೇ ಮಟ್ಟ ಮಾಡಿ, ಹುಲ್ಲು ಬೆಳೆಸಿ, ಏರಿ ಅಂತ ಹೆಸರಿಟ್ಟು, ಗುಂಡಿಗೆ ನಾಲೆ ನೀರು ಬಿಟ್ಟರು. ತುಂಬಿದ ನೀರು ಹರಿದು ಹೋಗಲು ಕಲ್ಲುಚಪ್ಪಡಿಯ ಕೋಡಿ, ಅದಕ್ಕಿಂತ ಕೆಳಗೆ ಒಂದು ತೂಬು, ಎರಡಕ್ಕೂ ಸೇರಿ ಒಂದು ಕಾಲುವೆ. ಇಂಜಿನಿಯರ್ ಒಬ್ಬರು ಕಲ್ಲಿನ ಮೇಲೆ ಬಣ್ಣದ ಗೆರೆ ಎಳೆಸಿ, "ಮಳೆಗಾಲದಲ್ಲಿ ನೀರು ಇದನ್ನ ದಾಟಬಾರದು. ಮುಟ್ಟಿದ ತಕ್ಷಣ ತೂಬು ಎತ್ತಿ ನೀರು ಇಳಿಸಿಬಿಡಿ. ಕೋಡಿ ತನಕ ಕಾಯಬೇಡಿ, ಇದು ಸುರಿದ ಮಣ್ಣು," ಅಂದರು. ಎಲ್ಲರೂ ತಲೆಯಾಡಿಸಿದರು. ಇಂಗ್ಲಿಷ್ ಓದುವವರು ಒಬ್ಬರಿರಲಿ ಅಂತ ನನ್ನನ್ನೂ ಕೆರೆ ಸಮಿತಿಗೆ ಸೇರಿಸಿದರು. ತೂಬು ನೋಡಿಕೊಳ್ಳುವ ನೀರುಗಂಟಿಗೆ ಯಾರಾದರೊಬ್ಬ ಮೆಂಬರ್ ಹೇಳಿದರೆ ಸಾಕಿತ್ತು.

ಆದರೆ ಈ ಸೀಮೆಯಲ್ಲಿ ತುಂಬುತ್ತಿರುವ ಕೆರೆಯ ನೀರನ್ನು ಯಾರು ಬಿಡುತ್ತಾರೆ? ಕಡಬದ ಕೆರೆ ತುಂಬಿತಂತೆ ಅಂದರೆ ಬಸ್ಸಿನಲ್ಲಿ ಗುರುತಿಲ್ಲದವರೂ ಮಾತಿಗಿಳಿಯುತ್ತಾರೆ. ಕೋಡಿ ಬಿದ್ದ ನೀರಿಗೆ ಹೆಂಗಸರು ಮೊರದಲ್ಲಿ ಅರಿಶಿನ ಕುಂಕುಮ, ಬಳೆ, ರವಿಕೆ ಕಣ ಇಟ್ಟು ಬಾಗಿನ ಬಿಡುತ್ತಾರೆ. ನಮ್ಮ ಕೆರೆಗೆ ಆ ಭಾಗ್ಯ ಇನ್ನೂ ಬಂದಿರಲಿಲ್ಲ.

ಏರಿಯ ಬುಡದಲ್ಲೇ ಮನೆ ಇರುವವಳು ಕುಣಿಗಲ್ ಕಡೆಯಿಂದ ಆ ಮನೆಗೆ ಬಂದ ಸೊಸೆ, ನನಗಿಂತ ಚಿಕ್ಕವಳು. ಸಂಜೆ ಹಾಲು ತಂದವಳು ಮೆಟ್ಟಿಲ ಮೇಲೆ ಕೂತು, ಸೀರಿಯಲ್ ಶುರುವಾಗುವ ತನಕ ಊರನ್ನೆಲ್ಲ ಮಾತಾಡಿ ಹೋಗುತ್ತಿದ್ದಳು. ಟು ಬಿ ಫ್ರ್ಯಾಂಕ್, ದಿನಕ್ಕೆ ನಾನು ಬಾಯಿ ಬಿಡುತ್ತಿದ್ದದ್ದು ಆಗ ಮಾತ್ರ.

ಹೋದ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ನೀರು ಗೆರೆ ದಾಟಿತು. ಕೋಡಿಗೆ ಗೇಣುದ್ದ ಉಳಿದಿತ್ತು.

"ಅಕ್ಕ, ಶುಕ್ರವಾರಕ್ಕೆ ಬಿದ್ದೇ ಬೀಳ್ತದೆ. ಮೊರ ತಂದಾಯ್ತು," ಅಂದಳು. "ನಮ್ಮ ಕುಣಿಗಲ್ ಕೆರೆ ಕೋಡಿ ಬಿದ್ದಾಗ ನಮ್ಮವ್ವ ಮುಂದೆ ನಿಂತು ಬಾಗಿನ ಬುಟ್ಟಿದ್ಲು. ಇಲ್ಲಿ ನಾನೇ ಮೊದ್ಲು ಬುಡೋದು. ನೀವು ನನ್ನ ಪಕ್ಕದಲ್ಲೇ ನಿಂತ್ಕಳಿ."

"ನಾನಾ? ನನ್ನಂಥವಳು ಬಂದರೆ ಜನ ಏನಂತಾರೆ?"

"ಅಂದೋರ್ನ ನೀರಿಗೆ ತಳ್ತೀನಿ, ಬುಡಿ."

ನಮ್ಮವರು ಹೋದ ಮೇಲೆ ಇಂಥ ಕಾರ್ಯಕ್ಕೆ ನನ್ನನ್ನು ಯಾರೂ ಕರೆದಿರಲಿಲ್ಲ. ಪೆಟ್ಟಿಗೆ ತೆಗೆದು, ಉಡಬಹುದಾದ ಒಂದು ಸೀರೆ ಆರಿಸಿ ಇಟ್ಟೆ.

ಮಾರನೇ ದಿನ ಅವಳ ಮನೆಗೆ ಹೋದಾಗ ಕೊಟ್ಟಿಗೆಯ ಹಿಂದೆ, ಏರಿಯ ಬುಡದಲ್ಲಿ, ಕೆಂಪು ನೀರು ಜಿನುಗುತ್ತಿತ್ತು.

"ಇದು ಏರಿ ಒಳಗಿಂದ ಬರ್ತಿದೆ ಕಣೇ. ಬಣ್ಣ ನೋಡು."

"ಕೊಟ್ಟಿಗೆ ಹಿಂದೆ ತೇವ ಇರ್ದೆ ಇನ್ನೇನಿರ್ತದೆ? ಹಸ ಏನ್ ನಿಮ್ಮಂಗೆ ಕಮೋಡ್‌ಗೆ ಹೋಯ್ತದಾ?"

ನನಗೂ ನಗು ಬಂತು. ನಕ್ಕಾದ ಮೇಲೆ, "ನೀರು ಸ್ವಲ್ಪ ಇಳಿಸೋಣ," ಅಂದೆ. ಅವಳ ಮುಖ ಸಪ್ಪಗಾಯಿತು. "ಶುಕ್ರವಾರದ ತನಕ ತಡೀರಿ ಅಕ್ಕ. ಆಮೇಲೆ ಏನಾದ್ರೂ ಮಾಡ್ಕಳಿ."

ಮೊಬೈಲಿನಲ್ಲಿ ಭಾರಿ ಮಳೆಯ ಅಲರ್ಟ್ ಬಂದಿತ್ತು. ಹಿರೇಹಳ್ಳಿ ಫ್ಯಾಕ್ಟರಿಗೆ ಹೋಗುವ ಇನ್ನೊಬ್ಬ ಮೆಂಬರಿಗೆ ಫೋನ್ ಮಾಡಿದೆ. "ಊರೆಲ್ಲ ಕಾಯ್ತಾ ಅವ್ರೆ ಮೇಡಂ, ನನ್ನ ಬಾಯಲ್ಲಿ ಹೇಳಿಸ್ಬೇಡಿ," ಅಂದ. ನಾನೇ ನೀರುಗಂಟಿಯ ಹತ್ತಿರ ಹೋಗಿ, ತೂಬು ಎತ್ತಪ್ಪ ಅಂದೆ.

ಶುಕ್ರವಾರ ಹೆಂಗಸರು ಮೊರ ಹಿಡಿದು ಏರಿ ಹತ್ತಿದರು. ನೀರು ಗೆರೆಗಿಂತ ಕೆಳಗೆ ಮಲಗಿತ್ತು. ನನ್ನ ಎದುರಿಗೆ ಯಾರೂ ಬೈಯಲಿಲ್ಲ. ಹಿಂದಿನಿಂದ ಒಬ್ಬಳು, "ಕಾನ್ವೆಂಟಲ್ಲಿ ಓದಿದೋರಿಗೆ ಗಂಗಮ್ಮ ಏನ್ ಗೊತ್ತು, ಬುಡು," ಅಂದದ್ದು ಕೇಳಿಸಿತು. ಪಕ್ಕದಲ್ಲೇ ನಿಂತ್ಕಳಿ ಅಂದಿದ್ದವಳು ಮೊರದ ಮೇಲೆ ಸೆರಗು ಮುಚ್ಚಿಕೊಂಡು ಇಳಿದು ಹೋದಳು. ಬೈದಿದ್ದರೆ ಉತ್ತರವಾದರೂ ಕೊಡಬಹುದಿತ್ತು.

ಭಾರಿ ಮಳೆ ಅಂದದ್ದು ಬರಲೇ ಇಲ್ಲ. ನಮ್ಮ ಕಡೆ ನಾಲ್ಕು ಹನಿ ಉದುರಿಸಿ ಎಲ್ಲಿಗೋ ಹೋಯಿತು. ಕೊಟ್ಟಿಗೆ ಹಿಂದಿನ ತೇವವೂ ಆರಿತು. ಏರಿ ಒಡೆಯುತ್ತಿತ್ತು ಅಂತ ಯಾರ ಮುಂದೆಯಾದರೂ ತೋರಿಸುವುದಕ್ಕೆ ನನ್ನ ಹತ್ತಿರ ಏನಿದೆ? ಕೆಲವು ಮಧ್ಯಾಹ್ನ ನನಗೇ ಅನುಮಾನ. ಸದಾಶಿವನಗರದಲ್ಲಿರುವ ತಂಗಿಮಗಳು, "ಟೆಕ್ನಿಕಲಿ ಯು ವರ್ ರೈಟ್, ದೊಡ್ಡಮ್ಮ," ಅನ್ನುತ್ತಾಳೆ. ಇರಬಹುದು. ಆ ಟೆಕ್ನಿಕಲಿಯನ್ನು ಸಂಜೆ ಮೆಟ್ಟಿಲ ಮೇಲೆ ಕೂರಿಸಿಕೊಂಡು ಮಾತಾಡಲು ಆಗುತ್ತದೆಯೇ?

ಹಾಲು ಈಗಲೂ ಬರುತ್ತದೆ. ಕಾಂಪೌಂಡಿನ ಮೇಲೆ ಇಟ್ಟು, ಗೇಟು ಬಡಿದು ಹೋಗುತ್ತಾಳೆ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಬೆನ್ನು ಕಾಣುತ್ತದೆ.

ಈ ವರ್ಷವೂ ನೀರು ಏರಿತು. ಮೊನ್ನೆ ನೀರುಗಂಟಿ ಏರಿಯ ಮೇಲಿಂದಲೇ ಕೂಗಿದ: "ಮೇಡಂ, ನೀರು ಗೆರೆ ಮುಟ್ತು. ತೂಬು ಎತ್ಲಾ, ಬ್ಯಾಡ್ವಾ?"

ಕೆಳಗೆ ಅವಳು ಹಸು ಕಟ್ಟುತ್ತಿದ್ದಳು. ಕೇಳಿಸಿತು. ಹಗ್ಗ ಹಿಡಿದುಕೊಂಡೇ ತಲೆಯೆತ್ತಿ ನನ್ನನ್ನು ನೋಡಿದಳು. ಆ ಶುಕ್ರವಾರದಿಂದ ಈಚೆಗೆ ನೆಟ್ಟಗೆ ನೋಡಿದ್ದು ಅದೇ ಮೊದಲು. ‘ಬೇಡ’ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಅಂದುಬಿಟ್ಟರೆ ಸಂಜೆ ಬಂದು ಕೂತಾಳು. ನಾನೂ ಅವಳನ್ನು ನೋಡಿದೆ, ಅವಳ ಬೆನ್ನ ಹಿಂದೆ ಎದ್ದು ನಿಂತಿದ್ದ ಆ ಮಣ್ಣನ್ನೂ ನೋಡಿದೆ.

"ಎತ್ತಪ್ಪ," ಅಂದೆ.

ಅವಳು ಹಸುವಿನ ಬೆನ್ನು ತಟ್ಟಿ ಕೊಟ್ಟಿಗೆಯೊಳಕ್ಕೆ ಹೊಡೆದುಕೊಂಡು ಹೋದಳು. ಕಾಲುವೆಯಲ್ಲಿ ನೀರಿನ ಸದ್ದು ಶುರುವಾಯಿತು.